ಕರಡಿಯ ಲದ್ದಿಗೆ ನನ್ನ ಹೆಸರು

ಆನೆಗೊಂದಿ,
೧೨ ಜನವರಿ ೧೯೩೯

ಪ್ರೀತಿಯವರ ಪಾದಗಳಿಗೆ ನಿಮ್ಮ ಪಂಪಮ್ಮನ ನಮಸ್ಕಾರಗಳು.

ಹೈದರಾಬಾದಿನ ಚಳಿಗೆ ನಿಮ್ಮ ಕೆಮ್ಮು ಹೇಗಿದೆ? ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಆ ಯಂತ್ರದ ಮುಂದೆ ಬಗ್ಗಿ ಕೂತು ಊಟ ಮರೆಯುತ್ತೀರೆಂದು ನನಗೆ ಗೊತ್ತು, ಉಂಡೆನೆಂದು ಸುಳ್ಳು ಬರೆಯಬೇಡಿ. ಇಲ್ಲಿ ನಾವು ಅತ್ತೆ ಸೊಸೆ ಆರಾಮ ಇದ್ದೇವೆ. ಹೊಳೆಯ ಕಡೆಯ ಬಾಳೆ ಗೊನೆ ಬಿಟ್ಟಿದೆ.

ನಿಮ್ಮ ಕಾಗದ ಓದಿ ಓದಿ ಮಡಿಕೆಯೇ ಹರಿದಿದೆ. ನಾನು ಕಳಿಸಿದ ಕರಡಿಯ ಲದ್ದಿಯಲ್ಲಿ, ಈವರೆಗೆ ಯಾವ ಕಾಡುಪ್ರಾಣಿಯ ಹೊಟ್ಟೆಯಲ್ಲೂ ಯಾರೂ ಕಾಣದ ಸೂಕ್ಷ್ಮಜೀವಿ ಸಿಕ್ಕಿದೆ, ಮುಂದಿನ ತಿಂಗಳು ಅದರ ವಿಷಯ ಅಚ್ಚಾಗುತ್ತದೆ, ಅದಕ್ಕೆ ನಿನ್ನ ಹೆಸರಿಡುತ್ತೇನೆ ಎಂದಿದ್ದೀರಿ! ನಾನು ಗಂಡನ ಹೆಸರು ಬಾಯಿಬಿಟ್ಟು ಹೇಳುವಂತಿಲ್ಲ. ನೀವು ನನ್ನ ಹೆಸರನ್ನು ಕರಡಿಯ ಲದ್ದಿಗೆ ಕಟ್ಟುತ್ತೀರಿ. ಇದು ಯಾವ ಊರಿನ ನ್ಯಾಯ? ಆದರೂ ನಿಜ ಹೇಳುತ್ತೇನೆ, ಹಿಗ್ಗಿ ಹೀರೇಕಾಯಿಯಾಗಿದ್ದೇನೆ.

ಅದನ್ನು ತರಲು ಗುಡ್ಡಕ್ಕೆ ಹೋದದ್ದು ನೆನೆದರೆ ಈಗಲೂ ನಗು ಬರುತ್ತದೆ. ಕಟ್ಟಿಗೆಗೆ ಹೋಗುವ ಹುಲಿಗವ್ವನನ್ನು ಜೊತೆ ಮಾಡಿಕೊಂಡಿದ್ದೆ. ಬಂಡೆಯ ಸಂದಿಯಲ್ಲಿ ಬಾರಿಹಣ್ಣಿನ ಬೀಜ ತುಂಬಿದ ಹಸಿ ಲದ್ದಿ ಕಂಡು ನಾನು ಬಂಗಾರ ಸಿಕ್ಕವಳಂತೆ ಕೂಗಿದರೆ, ಅವಳು "ಯವ್ವಾ, ಕರಡಿ ಇನ್ನಾ ದೂರ ಹೋಗಿಲ್ರಿ, ಖುಷಿ ಸ್ವಲ್ಪ ಸಣ್ಣಗ ಪಡ್ರಿ" ಎಂದಳು. ಕುದಿಸಿದ ಸೀಸೆ, ಕುದಿಸಿದ ಚಮಚ, ಎಲ್ಲ ನೀವು ಹೇಳಿದಂತೆಯೇ, ಕೈ ತಾಕಿಸಲಿಲ್ಲ. ಮನೆಗೆ ಬಂದು ಮೇಣ ಕರಗಿಸಿ ಬಿರಡೆ ಮುಚ್ಚಿದೆ.

ಒಂದು ಮಾತು ಕೇಳಲೇ? ಸೂಕ್ಷ್ಮಜೀವಿಗಳೆಲ್ಲ ಸಣ್ಣ ಕಡ್ಡಿಗಳಂತೆಯೇ ಕಾಣುತ್ತವೆ, ಆದ್ದರಿಂದ ಒಂದೊಂದೂ ಹಾಲು ಕೊಟ್ಟರೆ ಒಡೆಸುತ್ತದೋ, ಯಾವ ಸಕ್ಕರೆಯನ್ನು ಹುಳಿ ಮಾಡುತ್ತದೋ, ಬಣ್ಣ ಹಿಡಿಯುತ್ತದೋ ಬಿಡುತ್ತದೋ ನೋಡಿ ಗುರುತಿಸುತ್ತೇವೆ ಎಂದು ಬರೆದಿದ್ದೀರಿ. ಸಂಬಂಧ ಬೆಳೆಸಲು ಬಂದವರೂ ಹೀಗೇ ಅಲ್ಲವೇ, ಏನು ಉಣ್ಣುತ್ತೀರಿ, ಯಾರ ಪೈಕಿ ಎಂದು ಕೆದಕುವುದು! ನನಗೂ ತಡೆಯಲಾಗಲಿಲ್ಲ. ಕಾಯಿಸಿದ ಹಾಲನ್ನು ಮೂರು ಬಟ್ಟಲಿಗೆ ಹಾಕಿ, ಒಂದಕ್ಕೆ ಮಜ್ಜಿಗೆ, ಒಂದಕ್ಕೆ ಹುಣಸೆಹುಳಿ ಬಿಟ್ಟು, ಒಂದನ್ನು ಸುಮ್ಮನೆ ಇಟ್ಟೆ. ಮಜ್ಜಿಗೆಯದು ಹೆಪ್ಪಾಯಿತು, ಹುಣಸೆಯದು ಒಡೆಯಿತು. ಆದರೆ ಏನೂ ಹಾಕದ್ದೂ ಮರುದಿನ ಹುಳಿಯಾಗಿತ್ತು. ಅದರೊಳಗೆ ಹೊಕ್ಕವರು ಯಾರು, ಎಲ್ಲಿಂದ ಬಂದರು? ತಿಳಿಸಿ ಬರೆಯಿರಿ.

ಹೊತ್ತಿಗೆ ಸರಿಯಾಗಿ ಉಣ್ಣಿ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಅತ್ತೆಯವರು ನಿಮಗೆ ತಲೆ ಸವರಿ ಆಶೀರ್ವಾದ ಹೇಳಿದ್ದಾರೆ.

ನಿಮ್ಮ ದಾರಿ ಕಾಯುವ,
ಪಂಪಮ್ಮ

ತಾ.ಕ.: ಟಪಾಲಿನವನು ಕಟ್ಟೆಯ ಮೇಲೆ ಕೂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಅತ್ತೆಯವರಿಗೆ ಹೊಸ ಜೀವಿಯ ಸುದ್ದಿ ಓದಿ ಹೇಳಿದೆ. ಅವರು ಮುಖವರಳಿಸಿ, "ನೀ ಮೇಣ ಕಾಸಾಕ ಒಳಗ ಹೋದಾಗ ನಾನ ಸೀಸೆದಾಗ ನಾಕು ಹನಿ ಆಕಳ ಗಂಜಳ ಬಿಟ್ಟಿದ್ದೆ. ಕಾಡಪ್ರಾಣಿ ಹೊಲಸು ಹಂಗ ಮಗನ ಕೈಗೆ ಹೋಗಬಾರದು. ಶುದ್ಧ ಮಾಡಿದ್ದಕ್ಕ ಛಲೋ ಆತು ನೋಡು" ಎಂದರು. ನಿಮಗೆ ಸಿಕ್ಕದ್ದು ಕರಡಿಯದೋ, ನಮ್ಮ ಆಕಳದೋ? ಮೊದಲು ಅಚ್ಚು ನಿಲ್ಲಿಸಿ. ನಾಳೆ ಎರಡು ಸೀಸೆ ಕಳಿಸುತ್ತೇನೆ: ಒಂದರಲ್ಲಿ ಬರೀ ಗಂಜಳ, ಇನ್ನೊಂದರಲ್ಲಿ ಗುಡ್ಡದಲ್ಲೇ ಬಿರಡೆ ಮುಚ್ಚಿದ ಹೊಸ ಲದ್ದಿ. ಎರಡನ್ನೂ ನೋಡಿ. ಪುಸ್ತಕದಲ್ಲಿ ನನ್ನ ಹೆಸರು ಬರಲೆಂದು ಭಾಳ ಆಸೆಯಿತ್ತು, ಅಳು ಬರುತ್ತಿದೆ. ಆದರೂ ಆಕಳದ್ದನ್ನು ಕರಡಿಯದೆಂದು ಹೇಳಿ ನನ್ನ ಹೆಸರಿಡಬೇಡಿ. ಅತ್ತೆಯವರಿಗೆ ಮಾತ್ರ ಇದನ್ನು ಬರೆಯಬೇಡಿ. ಮಗನ ಕೀರ್ತಿಯಲ್ಲಿ ತನ್ನ ಕೈಯೂ ಇದೆಯೆಂದು ಹೇಳಲು ಈಗಷ್ಟೇ ಓಣಿಗೆ ಹೋದರು.