ನನ್ನ ಕೊನೆಯ ಖರ್ಚು ನನ್ನದೇ

ಮೇಕನ್, ಜಾರ್ಜಿಯಾ
9 ಅಕ್ಟೋಬರ್ 2022, ಭಾನುವಾರ

ಪ್ರೀತಿಯ ರೆನೀಟಾ,

ಚೆನ್ನಾಗಿದ್ದೀಯಾ ಮಗಳೇ? ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂದು ತಿಂಗಳಾಯಿತು. ಅಮ್ಮ ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಡೆಟ್ರಾಯಿಟ್‌ನಲ್ಲಿ ಆಗಲೇ ಚಳಿ ಹಿಡಿದಿರಬೇಕು. ಬಸ್ ಓಡಿಸುವಾಗ ಕುತ್ತಿಗೆಗೆ ಏನಾದರೂ ಸುತ್ತಿಕೋ. ಇಲ್ಲಿ ಚರ್ಚಿನ ಊಟಕ್ಕೆ ನಾನು ಮಾಡಿದ ಗೆಣಸಿನ ಪೈ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಪಕ್ಕದ ಮನೆಯ ವೆಲ್ಮಾಳದ್ದು ಅರ್ಧ ಉಳಿಯಿತು. ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಹೆದರಬೇಡ, ನನಗೇನೂ ಆಗಿಲ್ಲ. ನನ್ನನ್ನು ಮಣ್ಣು ಮಾಡುವ ಖರ್ಚಿಗೆಂದು ಒಂದು ವಿಮೆ ಮಾಡಿಸಿದ್ದೇನೆ.

ಟಿ.ವಿ. ಜಾಹೀರಾತು ನೋಡಿ ಫೋನ್ ಮಾಡಿದ್ದೆ. ಮೊದಲು ಬಂದವನು ಗ್ಯಾಡಿ ಎಂಬ ಏಜೆಂಟ್. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದ: "ಡಾಕ್ಟರ್ ಬೇಡ, ಪರೀಕ್ಷೆ ಬೇಡ, ಒಂದು ಪ್ರಶ್ನೆನೂ ಕೇಳಲ್ಲ ಮೇಡಂ. ಸಹಿ ಹಾಕಿ ಸಾಕು." ನಾನು ಪೆನ್ನು ತೆಗೆದುಕೊಂಡೂ ಆಗಿತ್ತು. ಅಷ್ಟರಲ್ಲಿ ವೆಲ್ಮಾ ಬೆಂಡೆಕಾಯಿ ಕೊಡುವ ನೆಪದಲ್ಲಿ ಬಂದು ನನ್ನ ಪಕ್ಕದಲ್ಲೇ ಕೂತಳು. ಅವಳ ತಮ್ಮ ಲೊಂಜೊ ಇಂಥದ್ದೇ ವಿಮೆ ಮಾಡಿಸಿ ಹದಿನಾಲ್ಕನೇ ತಿಂಗಳಿಗೆ ತೀರಿಕೊಂಡವನು.

"ಎರಡು ವರ್ಷದೊಳಗೆ ಇವಳು ಹೋದ್ರೆ ಏನು ಕೊಡ್ತೀರಪ್ಪಾ?" ಎಂದಳು.

ಅವನು ಗಂಟಲು ಸರಿಮಾಡಿಕೊಂಡ. "ಕಾಯಿಲೆಯಿಂದ ಹೋದ್ರೆ ಅಲ್ಲೀವರೆಗೆ ಕಟ್ಟಿದ ದುಡ್ಡು, ಮೇಲೊಂದಿಷ್ಟು ಬಡ್ಡಿ. ಅಪಘಾತ ಆದ್ರೆ ಮಾತ್ರ ಪೂರ್ತಿ ಬರುತ್ತೆ."

"ಕೇಳಿಸ್ತೇನೇ ಅರ್ನೆಸ್ಟೀನ್? ನೀನು ಬಸ್ಸಿನಡಿ ಬಿದ್ದೇ ಸಾಯ್ಬೇಕಂತೆ. ಅದೂ ನಿನ್ನ ಮಗಳ ಬಸ್ಸಾಗ್ದೇ ಇರೋ ಹಾಗೆ ನೋಡ್ಕೋ!"

ನನಗೆ ನಗು ತಡೆಯಲಾಗಲಿಲ್ಲ. ಅವನು ಇನ್ನೊಂದು ಫಾರ್ಮು ತೆಗೆದ. ಅದರಲ್ಲಿ ಆರೋಗ್ಯದ ಪ್ರಶ್ನೆಗಳಿದ್ದವು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೇನೆ ಎಂದೆ. "ಅದನ್ನೆಲ್ಲ ಬರೆಯೋದು ಬೇಡ ಬಿಡಿ, ಯಾರು ನೋಡ್ತಾರೆ" ಎಂದ. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಒಂದು ಲೋಟ ತಣ್ಣನೆಯ ಚಹಾ ಕುಡಿಸಿ ಕಳಿಸಿಕೊಟ್ಟೆ.

ಮುಂದಿನ ವಾರ ಇನ್ನೊಂದು ಕಂಪನಿಯಿಂದ ಬಂದ ಓಡಮ್ ಎಂಬ ಹೆಂಗಸು ಬೇರೆ ಥರ. ಸಕ್ಕರೆ, ಬಿ.ಪಿ., ನಾನು ಯಾವತ್ತೋ ಬಿಟ್ಟ ಸಿಗರೇಟು, ಎಲ್ಲ ಕೇಳಿ ಬರೆದುಕೊಂಡಳು. "ನಿಜ ಹೇಳಿದ್ರೆ ಕಂತು ಸ್ವಲ್ಪ ಜಾಸ್ತಿ ಆಗುತ್ತಮ್ಮಾ. ಸುಳ್ಳು ಹೇಳಿದ್ರೆ ಕಡಿಮೆ. ಆದ್ರೆ ಕಂಪನಿಯವರು ಆ ಸುಳ್ಳು ಹುಡುಕೋದು ನೀವು ಹೋದ್ಮೇಲೆ. ಆಗ ಉತ್ತರ ಕೊಡ್ಬೇಕಾದವಳು ನಿಮ್ಮ ಮಗಳು" ಎಂದಳು. ಆ ಮಾತು ಕೇಳಿ ನನ್ನ ಮನಸ್ಸು ಗಟ್ಟಿಯಾಯಿತು. ತಿಂಗಳಿಗೆ ಅರವತ್ನಾಲ್ಕು ಡಾಲರ್, ಯಾವತ್ತಿಗೂ ಏರುವುದಿಲ್ಲ. ಮೊದಲ ದಿನದಿಂದಲೇ ಪೂರ್ತಿ ಹತ್ತು ಸಾವಿರ.

ಹತ್ತು ಸಾವಿರ ಸಾಕೇ ಎಂದು ತಿಳಿಯಲು, ಸಹಿಗೆ ಮೊದಲು ವೆಲ್ಮಾಳ ಜೊತೆ ಶವಸಂಸ್ಕಾರದವರ ಅಂಗಡಿಗೆ ಹೋಗಿ ದರಪಟ್ಟಿ ಕೇಳಿದೆ. ಅಲ್ಲಿಯವನು ನಮ್ಮನ್ನು ನೇರವಾಗಿ ಹೊಳೆಯುವ ಪೆಟ್ಟಿಗೆಗಳ ಮುಂದೆ ನಿಲ್ಲಿಸಿದ. "ನನಗೆ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ ಸಾಕು" ಎಂದೆ. "ನೋಡಿದವರು ಏನಂದ್ಕೋತಾರೋ, ಅಮ್ಮಾ..." ಎಂದು ರಾಗ ಎಳೆದ. "ಏನಾದ್ರೂ ಅಂದ್ಕೊಳ್ಳಲಿ, ಕೇಳಿಸ್ಕೊಳ್ಳೋಕೆ ನಾನಿರಲ್ವಲ್ಲ" ಎಂದು ಹೊರಟುಬಂದೆ.

ಹಣ ಅಂಗಡಿಯವರಿಗೆ ಹೋಗುವುದಿಲ್ಲ, ನಿನ್ನ ಕೈಗೇ ಬರುತ್ತದೆ. ಫಾರ್ಮಿನಲ್ಲಿ ನಿನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ನಾನೇ ಬರೆದೆ. ಕಾಗದಗಳು ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬದ ಹಿಂದಿವೆ. ಉಳಿದದ್ದು ನಿನಗೆ. ಹೂವಿಗೆ ಸುರಿಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದಾರಿಯ ಪ್ರತಿ ತಿರುವಿನಲ್ಲೂ ದೇವರು ನಿನ್ನ ಪಕ್ಕದಲ್ಲಿರಲಿ, ನನ್ನ ಬಂಗಾರ.

ನಿನ್ನ ಅಮ್ಮ,
ಅರ್ನೆಸ್ಟೀನ್

ಮತ್ತೆ ಬರೆದದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ಅವರನ್ನು ಮಣ್ಣು ಮಾಡಿದ ವಾರವೇ ನೀನು ನರ್ಸಿಂಗ್ ಕಾಲೇಜು ಬಿಟ್ಟೆ. "ರಕ್ತ ನೋಡಿದ್ರೆ ತಲೆ ಸುತ್ತುತ್ತಮ್ಮಾ, ಅದು ನನ್ನ ಕೈಲಾಗಲ್ಲ" ಎಂದೆ. ಗರಗಸಕ್ಕೆ ಸಿಕ್ಕ ಅಪ್ಪನ ಅಂಗೈಗೆ ಒಂಬತ್ತನೇ ವಯಸ್ಸಿನಲ್ಲಿ ಕಣ್ಣು ಮಿಟುಕಿಸದೆ ಬಟ್ಟೆ ಕಟ್ಟಿದವಳು ನೀನು. ತಿಂಗಳಾದ ಮೇಲೆ ಕಾಲೇಜಿನಿಂದ ನಿನ್ನ ಹೆಸರಿಗೆ ಕಾಗದ ಬಂತು. ನಾನೇ ಒಡೆದು ಓದಿದೆ. ಎರಡನೇ ವರ್ಷದ ಫೀಸು ನೀನು ವಾಪಸ್ ಪಡೆದ ತಾರೀಕು ಅದರಲ್ಲಿತ್ತು. ಮಣ್ಣು ಮಾಡಿದ್ದರ ಹಿಂದಿನ ದಿನ. ಮತ್ತೆ ಅಂಟು ಹಚ್ಚಿ ನಿನ್ನ ಮೇಜಿನ ಮೇಲಿಟ್ಟೆ, ಏನೂ ಗೊತ್ತಿಲ್ಲದವಳ ಹಾಗೆ.

ನಿನ್ನಪ್ಪನಿಗೆ ಪೆಟ್ಟಿಗೆ ಆರಿಸಿದ ದಿನ ಅಂಗಡಿಯಲ್ಲಿ ಅಗ್ಗದ್ದೂ ಇತ್ತು ರೆನೀಟಾ. ಚರ್ಚಿನ ಹೆಂಗಸರು ಹಿಂದೆ ನಿಂತಿದ್ದರೆಂದು ನಾನು ತಾಮ್ರದ ಬಣ್ಣದ್ದಕ್ಕೆ ಬೆರಳು ತೋರಿಸಿದೆ. "ಅಮ್ಮ ಹೇಳಿದ್ದೇ ಇರ್ಲಿ" ಎಂದು ದುಡ್ಡು ಕಟ್ಟಿದೆ ನೀನು. ನಿನ್ನಪ್ಪನಿಗೆ ಗೊತ್ತಾಗಿದ್ದರೆ ಎದ್ದು ಬಂದು ಆ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಹೋಗಿ ವಾಪಸ್ ಕೊಡುತ್ತಿದ್ದರು. ನಾನು ಮಾತ್ರ ಗೊತ್ತಿದ್ದೂ ಸುಮ್ಮನಿದ್ದೆ. ಕ್ಷಮಿಸು ಮಗಳೇ.