ಬೀರೂರು ಸ್ಟೇಷನ್ನಿನ ಹನ್ನೊಂದು ಕಿಟಕಿಗಳು

ರೋಹಿಣಿ, ದೆಹಲಿ
18 ಜನವರಿ 2025

ಪ್ರೀತಿಯ ಅಮ್ಮ,

ನಮಸ್ಕಾರ. ನಾವಿಬ್ಬರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇವೆ. ಎರಡು ವಾರದಿಂದ ಇಲ್ಲಿ ಬಿಸಿಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಮನೆ ಚಿಕ್ಕದು, ಅಪ್ಪನ ಕಿವಿ ಚುರುಕು. ಅದಕ್ಕೇ ಕಾಗದ.

ಈ ಮನೆಯಲ್ಲಿ ರೈಲಿಗಿರುವ ಜಾಗ ನನಗಿಲ್ಲ ಎಂದು ನೀನು ಸೋದರಮಾವನ ಮನೆಗೆ ಹೋದೆಯಲ್ಲ, ಅಪ್ಪ ಕಟ್ಟುತ್ತಿರುವ ಪುಟಾಣಿ ಬೀರೂರು ಸ್ಟೇಷನ್ನಿನ ಮಾದರಿ ಈಗ ಊಟದ ಮೇಜಿಗೂ ಬಂದಿದೆ. ನಾವು ಮಂಚದ ಮೇಲೆ ಕೂತು ಉಣ್ಣುತ್ತೇವೆ.

ಈ ಚಳಿಗಾಲ ಕಿಟಕಿಗಳ ಸರದಿ. ಹನ್ನೊಂದು ಕಿಟಕಿ, ಒಂದೊಂದೂ ಹೆಬ್ಬೆರಳ ಉಗುರಿನಷ್ಟು. ಅಂಗಿ ಡಬ್ಬಿಯ ಪಾರದರ್ಶಕ ಮುಚ್ಚಳ ಕತ್ತರಿಸಿ, ಸೂಜಿಯಿಂದ ಗೀರಿ, ಗೀರಿಗೆ ಬಿಳಿ ಬಣ್ಣ ತುಂಬಿ ಒರೆಸಿದರೆ ಚೌಕಟ್ಟಷ್ಟೇ ಉಳಿಯುತ್ತದೆ. ಒಂದೆರಡನ್ನು ಅರ್ಧ ತೆರೆದಿಡಬೇಕಂತೆ. ಯಾವ ಸ್ಟೇಷನ್ನಿನಲ್ಲೂ ಎಲ್ಲ ಕಿಟಕಿಗಳು ಒಂದೇ ಸಮ ಮುಚ್ಚಿರುವುದಿಲ್ಲ ಎಂಬುದು ಅಪ್ಪನ ವಾದ. ಕೈ ನಡುಗುತ್ತದೆ ಎಂದು ಈ ಸಲ ಕೆಲಸವನ್ನೆಲ್ಲ ನನಗೆ ವಹಿಸಿದರು.

ಅಂಟಿಸಲು ಫೆವಿಕಾಲೇ ಆಗಬೇಕು. ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಪ್ಲಾಸ್ಟಿಕ್ ಬೆಳ್ಳಗೆ ಮಸುಕಾಗುತ್ತದೆ. ಏಳನೇ ಕ್ಲಾಸಿನಲ್ಲಿ ನಾನು ಆ ತಪ್ಪು ಮಾಡಿದಾಗ ಅಪ್ಪ ಎರಡು ದಿನ ಮಾತು ಬಿಟ್ಟಿದ್ದು ನಿನಗೆ ನೆನಪಿರಬೇಕು. ಹೋದ ಭಾನುವಾರ ಮತ್ತೆ ಅದೇ ಆಯಿತು. ಬೆಳಿಗ್ಗೆ ನೋಡಿದರೆ ಹನ್ನೊಂದೂ ಕಿಟಕಿ ಹೊರಗಿನ ಮಂಜಿನ ಹಾಗಿದ್ದವು.

ಅಪ್ಪ ಕಟ್ಟಡವನ್ನು ಬಾಲ್ಕನಿಯ ಬೆಳಕಿಗೆ ಹಿಡಿದು, ಚೆನ್ನಾಗಿ ಬಂದಿದೆ, ಒಳಗಿನ ಬೆಂಚು ಕೂಡ ಕಾಣುತ್ತಿದೆ ಎಂದರು. ಬೆಂಚನ್ನು ನಾನಿನ್ನೂ ಒಳಗೆ ಇಟ್ಟೇ ಇರಲಿಲ್ಲ. ಅದು ನನ್ನ ಅಂಗೈಯಲ್ಲಿತ್ತು.

ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಗ್ಲಾಕೋಮಾ, ಕಣ್ಣಿನೊಳಗೆ ಒತ್ತಡ ಏರುವ ರೋಗ ಎಂದರು. ಎಡಗಣ್ಣು ಹೋಗಿದೆ. ಬಲಗಣ್ಣಲ್ಲಿ ಇರುವಷ್ಟನ್ನು ಉಳಿಸಿಕೊಳ್ಳಲು ದಿನಕ್ಕೆ ಮೂರು ಸಲ ತಪ್ಪದೆ ಹನಿ ಬಿಡಬೇಕು. ಬೆಳಿಗ್ಗೆ ನಾನು ಬಿಡುತ್ತೇನೆ, ಮಾನೇಸರ್‌ನ ಕೆಲಸದಿಂದ ಬಂದಮೇಲೆ ಇನ್ನೊಂದು ಸಲ. ಮಧ್ಯಾಹ್ನದ್ದನ್ನು ಅವರೇ ಬಿಟ್ಟುಕೊಳ್ಳುತ್ತಾರೆ. ನಾನು ಬರುವ ಹೊತ್ತಿಗೆ ಆ ಹನಿ ಕೆನ್ನೆಯ ಮೇಲೆ ಒಣಗಿರುತ್ತದೆ. ನಿನಗೆ ತಿಳಿಸಬಾರದಂತೆ. ಕರುಣೆಗೆ ಬಂದವಳ ಕೈಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವಂತೆ. ನನಗೆ ಅಳು ಬರಲಿಲ್ಲ. ಮರುದಿನ ಮೆಟ್ರೋ ಹತ್ತಿ ಕೆಲಸಕ್ಕೆ ಹೋದೆ.

ಬಾ ಅಮ್ಮ. ಕರುಣೆ ಬೇಡವೆಂದರೆ ಸಿಟ್ಟು ಮಾಡಿಕೊಂಡೇ ಬಾ. ಊಟದ ಮೇಜು ಖಾಲಿ ಮಾಡಿಡುತ್ತೇನೆ.

ನಿನ್ನ ಮಗಳು,
ಪ್ರಕೃತಿ

ತಾ.ಕ.: ಸೂಪರ್ ಗ್ಲೂ ಕೈತಪ್ಪಿ ಹಾಕಿದ್ದಲ್ಲ. ದಸರೆಯ ಹೊತ್ತಿಗೇ ಅಪ್ಪ ಚಹಾವನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದ್ದನ್ನು ನೋಡಿದ್ದೆ. ನೆಲ ಒರೆಸಿದೆ. ಬಾಯಿಬಿಟ್ಟು ಕೇಳಲಾಗದೆ ಮೂರು ತಿಂಗಳು ಕಳೆದು, ಕೊನೆಗೆ ಬೇಕೆಂದೇ ಮಸುಕಾಗಿಸಿದ ಕಿಟಕಿಗಳ ಕೈಲಿ ಆ ಪ್ರಶ್ನೆ ಕೇಳಿಸಿದೆ. ಆಗಲೇ ಕರೆತಂದಿದ್ದರೆ ಎಡಗಣ್ಣಲ್ಲೂ ಸ್ವಲ್ಪ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಮೇಲೆ ಬರೆಯಲಿಲ್ಲ. ಅಪ್ಪನಿಗೂ ಹೇಳಿಲ್ಲ.