ಹತ್ತಿರ ಬಂದ ಚುಕ್ಕೆಗಳು

ಫೆಬ್ರುವರಿ ಮೂವತ್ತು, ೨೪೧೬. ಗುಳೇದಗುಡ್ಡ. ಗಾಳಿ ಇಲ್ಲ.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ತಿಂಗಳುಗಳನ್ನು ನಾವು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಹಾಸು ಎಂದರೆ ಊರಿನ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಬಿಗಿದ ಬಟ್ಟೆ. ನಮ್ಮ ಕಾಲದ ಬಿಸಿಲಿನಲ್ಲಿ ಅದಿಲ್ಲದೆ ಹಗಲು ಹೊರಗೆ ಬರಲಾಗದು. ಅದರ ಕೆಳಗೆ ಸಂತೆ ನಡೆಯುತ್ತದೆ, ಮಕ್ಕಳು ಆಡುತ್ತಾರೆ, ಮೆಣಸಿನಕಾಯಿ ಒಣಗುವುದೇ ಇಲ್ಲವೆಂದು ಹೆಂಗಸರು ಗೊಣಗುತ್ತಾರೆ.

ಹಾಸನ್ನು ನೋಡಿಕೊಳ್ಳುವವರು ನೇಕಾರರು. ಚಳಿಗಾಲ ಮುಗಿದ ಮೇಲೆ ಒಂದು ಸಂಜೆ ದೂರದಲ್ಲಿ ಸಣ್ಣ ದೀಪ ಇಟ್ಟು, ಹಾಸಿನ ಅಂಚನ್ನು ಕಣ್ಣಿಗೆ ಹಿಡಿದು ನೋಡುವುದು ಅವರ ಪದ್ಧತಿ. ನೂಲಿನ ಸಂದಿಯಿಂದ ಒಂದೇ ದೀಪ ಅಡ್ಡಕ್ಕೂ ಉದ್ದಕ್ಕೂ ಚುಕ್ಕೆಗಳ ಸಾಲಾಗಿ ಕಾಣುತ್ತದೆ. ಚುಕ್ಕೆಗಳು ಹತ್ತಿರ ಬಂದಿದ್ದರೆ ನೂಲುಗಳೂ ಹತ್ತಿರ ಬಂದಿವೆ, ಬಟ್ಟೆ ಗಟ್ಟಿಯಾಗಿದೆ ಎಂದು ನಂಬಿಕೆ. ಈ ಸಲ ಬಹಳ ಹತ್ತಿರ ಬಂದಿದ್ದವು. ಮನೆಮನೆಗೆ ಹೋಳಿಗೆ ಹಂಚಿದರು.

ತಿನ್ನದೆ ಕೂತವಳು ನನ್ನ ಗೆಳತಿ ಸುಗಲಾ ಒಬ್ಬಳೇ. ಅವಳು ಭೌತವಿಜ್ಞಾನಿ. ಸಣ್ಣ ಸಂದಿ ಹಾಯುವಾಗ ಬೆಳಕು ನೇರ ದಾರಿ ಬಿಟ್ಟು ಹರಡಿಕೊಳ್ಳುತ್ತದಲ್ಲ, ಆ ವಿವರ್ತನೆ ಅವಳ ಅಭ್ಯಾಸದ ವಿಷಯ. ನೂಲುಗಳು ದೂರವಾದಷ್ಟೂ ಚುಕ್ಕೆಗಳು ಹತ್ತಿರವಾಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಹಾಸು ಜಗ್ಗಿ ತೆಳ್ಳಗಾಗಿದೆ, ಬೇಸಿಗೆಯ ಬಿರುಗಾಳಿಗೆ ಹರಿದು ಜನರ ಮೇಲೆ ಬೀಳಬಹುದು ಎಂದಾಗ ಹಿರಿಯ ನೇಕಾರ್ತಿ ನಿಂಬೆವ್ವ ನಕ್ಕರು. “ನಿನ್ನ ತೊಟ್ಟಲ ಬಟ್ಟಿ ನೇಯ್ದಾಕಿ ನಾನು. ನನಗ ಬಟ್ಟಿ ಕಲಿಸಾಕ ಬಂದೀಯೇನ?”

ಸುಗಲಾ ವಾದಿಸಲಿಲ್ಲ. ಹಾಸಿನದೇ ನೂಲಿನ ಒಂದು ತುಂಡನ್ನು ನೇಯಿಸಿ ತಂದಿದ್ದಳು. “ಆಯಿ, ದೀಪ ನೋಡಕೋತ ಮೆಲ್ಲಕ ಇದನ್ನ ಜಗ್ಗು ಬೇ,” ಎಂದಳು.

ನಿಂಬೆವ್ವ ಜಗ್ಗಿದರು, ಸಡಿಲ ಬಿಟ್ಟರು, ಮತ್ತೆ ಜಗ್ಗಿದರು.

“ನಾ ಜಗ್ಗಿದಂಗ ಇವು ಕೂಡಾಕತ್ತಾವಲ್ಲ!”

ಆಮೇಲೆ ಬಹಳ ಹೊತ್ತು ಅವರು ಬಟ್ಟೆಯನ್ನು ಕಣ್ಣಿನಿಂದ ಇಳಿಸಲಿಲ್ಲ.

“ಹಂಗಾರ ಇಷ್ಟು ವರ್ಷ ನಾವು ಹಾಸು ಸವದಿದ್ದಕ್ಕ ಹೋಳಿಗಿ ಮಾಡೇವೇನ, ಯವ್ವಾ?”

ಸುಗಲಾ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ತಾನು ಸರಿ ಎಂಬುದು ಅವಳಿಗೆ ಆಗ ಬೇಡವಾಗಿತ್ತೆಂದು ನನಗೆ ಅನ್ನಿಸಿತು.

ಬರಿ ಆಕಾಶದ ಕೆಳಗೆ ಓಡಾಡುವ ನಿಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ನಿನ್ನೆ ಊರು ಸೇರಿ ತೀರ್ಮಾನಿಸಿದೆ: ಹಾಸನ್ನು ಇಳಿಸಬೇಕು, ಹೊಸದನ್ನು ನೇಯುವವರೆಗೆ ಎಲ್ಲರೂ ನೆಲಮಾಳಿಗೆಗಳಲ್ಲಿ ಇರಬೇಕು. ಮೂಡಣ ಬದಿಯನ್ನು ನೇಯ್ದವರು ನಿಂಬೆವ್ವನ ತಾಯಿ. ಅಲ್ಲಿಯ ಮೊದಲ ಗಂಟನ್ನು ತಾವೇ ಬಿಚ್ಚುವುದಾಗಿ ನಿಂಬೆವ್ವ ಹೇಳಿದ್ದಾರೆ. ಏಣಿ ತಂದು ಒರಗಿಸಿದ್ದಾರೆ. ಇನ್ನೂ ಯಾರೂ ಹತ್ತಿಲ್ಲ.